ಕಣಿವೆ ದಾಟಿದ ಎದೆಬಡಿತ

ಕಳಿಸಿದ್ದು ಕಣ್ಣಿಗೆ ಕಾಣುವ ಊರು ನಮ್ಮದು. ಯಾರಾದರೂ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಒಂದು ಇಮೇಲ್ ಬರೆದು ಕಳಿಸಿದರೆ ಅದು ಬೆಳಕಾಗಿ ಕಿಟಕಿಯಿಂದ ಹೊರಬಿದ್ದು, ಓಣಿ ಹಿಡಿದು, ಮುಟ್ಟಬೇಕಾದವರ ಮನೆಯತ್ತ ಹೊರಡುತ್ತದೆ. ಬರೀ ಅಕ್ಷರಗಳಿದ್ದರೆ ಸಾಸಿವೆ ಕಾಳಿನಷ್ಟು. ನೊಣ ಹಾರಿದ ಹಾಗೆ ಸರ್ರನೆ ಹೋಗಿಬಿಡುತ್ತದೆ. ಜೊತೆಗೊಂದು ಫೋಟೊ ಲಗತ್ತಿಸಿದ್ದರೆ ನಿಂಬೆಹಣ್ಣಿನಷ್ಟಾಗಿ, ಮನುಷ್ಯರು ನಡೆಯುವ ವೇಗದಲ್ಲಿ, ಎದೆಯ ಮಟ್ಟದಲ್ಲಿ ತೇಲುತ್ತ ಸಾಗುತ್ತದೆ. ಮದುವೆಯ ವಿಡಿಯೊ ಆದರೆ ದೊಡ್ಡ ಕುಂಬಳಕಾಯಿಯಷ್ಟು, ಇನ್ನೂ ನಿಧಾನ. ಒಳಗೆ ಏನಿದೆ ಎಂಬುದು ಯಾರಿಗೂ ಕಾಣುವುದಿಲ್ಲ, ಬೆಳಕಷ್ಟೇ ಕಾಣುತ್ತದೆ. ಎದುರಿಗೆ ಮನುಷ್ಯರು ಬಂದರೆ ಅದು ಬಳಸಿಕೊಂಡು ಹೋಗುವುದಿಲ್ಲ, ನಿಂತು ಕಾಯುತ್ತದೆ. ಬಹಳ ಹೊತ್ತು ಕಾಯಿಸಿದರೆ ಮಂಕಾಗುತ್ತ ಹೋಗಿ ಆರಿಬಿಡುತ್ತದೆ. ಆರಿದ್ದು ಮತ್ತೆ ಸಿಗುವುದಿಲ್ಲ. ನಮ್ಮಲ್ಲಿ ಕಳಿಸಿದ ಮೇಲೆ ಕಳಿಸಿದವರ ಹತ್ತಿರ ಪ್ರತಿ ಉಳಿಯುವುದಿಲ್ಲ.

ಹಾಗಾಗಿ ನಾವು ದಾರಿ ಬಿಡುವುದನ್ನು ನಡೆಯುವುದರ ಜೊತೆಯಲ್ಲೇ ಕಲಿಯುತ್ತೇವೆ. ಬಟ್ಟೆ ಒಣಹಾಕುವ ಹಗ್ಗಗಳನ್ನು ತಲೆಗಿಂತ ಎತ್ತರಕ್ಕೆ ಕಟ್ಟುತ್ತೇವೆ. ಮನೆ ಕಟ್ಟಿಸುವವರು ಬಾಗಿಲಿನ ಪಕ್ಕಕ್ಕೆ ಒಂದು ಕಿಂಡಿ ಬಿಡಿಸುತ್ತಾರೆ. ನಲ್ಲಿಯ ಹತ್ತಿರ ಜಗಳಕ್ಕೆ ನಿಂತ ಇಬ್ಬರು ಹೆಂಗಸರು ನಡುವೆ ಒಂದು ಬೆಳಕು ಬಂದರೆ ಮಾತು ಅಲ್ಲಿಗೇ ನಿಲ್ಲಿಸಿ, ಒಬ್ಬೊಬ್ಬರು ಒಂದೊಂದು ಕಡೆ ಸರಿದು, ಅದು ದಾಟಿಹೋದ ಮೇಲೆ ಬಿಟ್ಟ ಬೈಗುಳದಿಂದಲೇ ಮುಂದುವರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪರ ಊರಿಗೆ ಹೋಗುವ ಬೆಳಕುಗಳೆಲ್ಲ ಊರಾಚೆಯ ಬಿಳಿಗಲ್ಲಿನ ಕಣಿವೆಯ ಮೂಲಕ ಹೋಗುತ್ತವೆ. ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ದಾರಿ ಅದು. ದಾಟಿದ ಮೇಲೆ ಅವು ನಮ್ಮ ಕಣ್ಣಿಗೂ ಕಾಣುವುದಿಲ್ಲ. ಆಚೆಯವರಿಗೆ ಇಮೇಲ್ ಎಂದರೆ ಪರದೆಯ ಮೇಲೆ ಬಂದು ಬೀಳುವ ಒಂದು ಸಾಲು ಮಾತ್ರವಂತೆ. ಫೋನಿನ ಮಾತು ಆ ಬೆಟ್ಟಗಳನ್ನು ದಾಟುವುದಿಲ್ಲ. ಪೆನ್ ಡ್ರೈವಿನಲ್ಲಿ ಏನಾದರೂ ತುಂಬಿಕೊಂಡು ಬಸ್ಸಿನಲ್ಲಿ ಒಯ್ದವರೂ ಇದ್ದಾರೆ; ಆಚೆ ಹೋಗಿ ನೋಡಿದರೆ ಅದು ಖಾಲಿ ಇರುತ್ತಿತ್ತು.

ನನ್ನ ಹೆಸರು ಶಾಂಭವಿ. ಊರ ಆಸ್ಪತ್ರೆಯ ವೆಬ್ ಅಪ್ಲಿಕೇಶನ್ ಬರೆದವಳೂ ನಾನೇ, ನೋಡಿಕೊಳ್ಳುವವಳೂ ನಾನೇ. ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲವನ್ನೂ ಅದರೊಳಗೆ ಏರಿಸಿದರೆ ರೋಗಿಗೆ ಒಂದು ಇಮೇಲ್ ತಾನಾಗಿ ಹೋಗುತ್ತದೆ. ಎಷ್ಟು ದೊಡ್ಡ ಫೈಲ್ ಏರಿಸಬಹುದು ಎಂಬುದಕ್ಕೆ ನಾನು ಒಂದು ಮಿತಿ ಹಾಕಿದ್ದೆ. ಅದಕ್ಕಿಂತ ದೊಡ್ಡದಾದರೆ ಅಪ್ಲಿಕೇಶನ್ ಬೇಡವೆನ್ನುತ್ತಿತ್ತು. ಅಷ್ಟು ದೊಡ್ಡದು ನಮ್ಮ ಓಣಿಗಳಲ್ಲಿ ಹಿಡಿಸುತ್ತಿರಲಿಲ್ಲ, ಕಣಿವೆಯಲ್ಲಂತೂ ಸಾಧ್ಯವೇ ಇರಲಿಲ್ಲ. ನನ್ನ ಕೋಣೆಯ ಕಿಟಕಿಯಿಂದ ಇಡೀ ದಿನ ಬೆಳಕಿನ ಕಾಳುಗಳು ಹೊರಗೆ ಹಾರುತ್ತಿದ್ದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೊಂದನ್ನೂ ಕಣ್ಣಿಟ್ಟು ನೋಡುತ್ತಿದ್ದೆ. ಆಮೇಲಾಮೇಲೆ ಚಹಾ ಕುಡಿಯುವಾಗ ಮಾತ್ರ ನೋಡುತ್ತಿದ್ದೆ.

ನೀಲವ್ವನ ವಿಷಯ ಬಂದದ್ದು ಚಳಿ ಕಡಿಮೆಯಾಗುತ್ತಿದ್ದ ದಿನಗಳಲ್ಲಿ. ನೀಲವ್ವ ಬಸ್ ನಿಲ್ದಾಣದ ಎದುರಿನ ಖಾನಾವಳಿಯವಳು. ಅವಳ ಕೈಯ ರೊಟ್ಟಿ ತಿನ್ನದವರು ಊರಲ್ಲಿ ಇಲ್ಲವೆಂದೇ ಹೇಳಬೇಕು. ತಾಟಿನಲ್ಲಿ ಬಿಟ್ಟದ್ದನ್ನು ಕಂಡರೆ ಎಷ್ಟು ದೊಡ್ಡವರಿಗೂ ಬಯ್ಯುವಳು, ಬಯ್ದು ಇನ್ನೊಂದು ರೊಟ್ಟಿ ಹಾಕುವಳು. ಅವಳ ಗಂಡ ಫಕೀರಪ್ಪ ಊರೊಳಗಿನ ಬಸ್ಸಿನ ಡ್ರೈವರ್, ಮಾತು ಕಡಿಮೆ. ಮದುವೆಯಾಗಿ ಬಹಳ ವರ್ಷದ ಮೇಲೆ, ಇಬ್ಬರೂ ಆಸೆ ಬಿಟ್ಟ ಮೇಲೆ, ನೀಲವ್ವ ಬಸುರಿಯಾಗಿದ್ದಳು. ಖಾನಾವಳಿಗೆ ಬಂದವರೆಲ್ಲ ಅವಳ ಹೊಟ್ಟೆ ನೋಡಿ ತಮ್ಮ ತಾಟನ್ನು ತಾವೇ ಎತ್ತಿಡಲು ಶುರುಮಾಡಿದ್ದರು.

ಒಂದು ಮಧ್ಯಾಹ್ನ ಡಾಕ್ಟರ್ ಸಬೀಹಾ ನನ್ನ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ನಮ್ಮ ಆಸ್ಪತ್ರೆಯ ಹೆರಿಗೆ ಡಾಕ್ಟರ್ ಅವರು.

"ನೀಲವ್ವನ ಕೂಸಿನ ಹೃದಯದಾಗ ತೊಂದರೆ ಅದ," ಎಂದರು. "ರಕ್ತ ಹೊರಗ ಹೋಗೂ ಬಾಗಲಾ ಮುಚ್ಚಿಧಂಗ ಅದ. ಹುಟ್ಟಿದ ಕೂಡ್ಲೆ ಅದನ್ನ ತೆಗಿಬೇಕು. ನನ್ನ ಕಡಿಂದ ಆಗೂದಲ್ಲ. ಕಡಲ ದಂಡಿ ಊರಾಗ ಐರಿನ್ ಅಂತ ಒಬ್ಬರು ಡಾಕ್ಟರ್ ಇದ್ದಾರ, ಇಂಥಾ ಕೂಸುಗಳದ್ದ ಕೆಲಸ ಅವರದು. ಅವರಿಗೆ ಬರದಿದ್ದೆ. ಸ್ಕ್ಯಾನಿಂಗ್ ಪೂರ್ತಿ ನೋಡದ ಏನೂ ಹೇಳಾಕ ಆಗೂದಿಲ್ಲ ಅಂದ್ರು. ಹೃದಯ ಬಡಿಯೂದು ಕಾಣಬೇಕಂತ. ಎಡಗಡೆ ಕೋಣಿ ಬೆಳದಿದ್ರ ಮಾತ್ರ ಬಾಗಲಾ ತೆಗದು ಉಪಯೋಗ. ಬೆಳದಿಲ್ಲಂದ್ರ ಸುಮ್ನ ಕೂಸಿಗೆ ನೋವು ಕೊಟ್ಟಂಗ."

ಅವರು ತಂದ ಫೈಲನ್ನು ತೆರೆದು ಗಾತ್ರ ನೋಡಿದೆ. ನಮ್ಮ ಊರಿನಿಂದ ಅಷ್ಟು ದೊಡ್ಡದು ಯಾವತ್ತೂ ಹೊರಟಿರಲಿಲ್ಲ. ಹಾಗೇ ಕಳಿಸಿದರೆ ಆಸ್ಪತ್ರೆಯ ಗೇಟನ್ನೂ ದಾಟುವಂತಿರಲಿಲ್ಲ.

"ಒತ್ತಿ ಸಣ್ಣದು ಮಾಡಬಹುದ್ರಿ ಡಾಕ್ಟರ್," ಎಂದೆ.

"ಮಾಡಿದ್ರ ಏನು ಹೋಗ್ತದ?"

"ಬಾರೀಕ ಬಾರೀಕ ಇರೂವಂಥವು ಅಳಿಸಿ ಹೋಗ್ತಾವ್ರಿ."

"ಆ ಬಾರೀಕ ಇರೂದ ಬೇಕು. ರಕ್ತ ಹಾಯೂ ದಾರಿ ಕೂದಲೆಳಿಯಷ್ಟ ಅದ. ಅದ ಅಳಿಸಿ ಹೋದ್ರ ನೋಡೂದರೇ ಏನು?" ಮತ್ತೆ ಹೇಳಿದರು. "ಇನ್ನೊಂದು ಸಲ ತೆಗಿಯೂದೂ ಕಷ್ಟ ಶಾಂಭವಿ. ಕೂಸು ಈಗ ಬೆನ್ನು ಮಾಡಿ ಮಲಗೇದ. ಇವತ್ತು ಮುಂಜಾನೆ ಸ್ವಲ್ಪ ಹೊತ್ತು ಹೊಳ್ಳಿ ಎದಿ ತೋರಿಸ್ತು, ಅಷ್ಟ. ನೀಲವ್ವನ ಬಿಪಿ ಏರಿ ಕುಂತದ, ಆಕಿನ್ನ ಎಲ್ಲಿಗೂ ಕಳಸೂ ಹಂಗಿಲ್ಲ."

ನಾನು ಆ ಹೊತ್ತಿನಲ್ಲಿ ಮಾಡಬಹುದಾದದ್ದು ಒಂದೇ ಇತ್ತು. ಫೈಲನ್ನು ತುಂಡು ಮಾಡಿ, ಕಣಿವೆಯಲ್ಲಿ ಹಿಡಿಸುವಷ್ಟು ಗಾತ್ರದ ತುಂಡುಗಳಾಗಿ, ಒಂದರ ಹಿಂದೆ ಒಂದು ಕಳಿಸುವುದು. ಪ್ರತಿಯೊಂದು ತುಂಡಿಗೂ ಅದು ಯಾವುದರ ನಂತರದ್ದು ಎಂಬ ಗುರುತು ಹಾಕುವುದು. ಆ ಕಡೆ ಡಾಕ್ಟರ್ ಐರಿನ್ ಅವರ ಕಂಪ್ಯೂಟರಿನಲ್ಲಿ ಅಪ್ಲಿಕೇಶನ್ ಅವನ್ನೆಲ್ಲ ಜೋಡಿಸಿ ಮತ್ತೆ ಒಂದು ಮಾಡುವುದು. ಎಲ್ಲಾ ಸೇರಿದ ಮೇಲೆ ಅವರಿಗೊಂದು ಇಮೇಲ್ ಹೋಗುವುದು. ನಡುವೆ ಒಂದು ತುಂಡು ಆರಿದರೂ ಉಳಿದವು ಕೂಡುವುದಿಲ್ಲ. ಅದನ್ನು ಬರೆಯಲು ಕೂತೆ. ಆ ಕೆಲಸ ಮುಗಿಯುವವರೆಗೆ ಫಕೀರಪ್ಪ ಬಸ್ಸಿನ ಸರದಿ ಮುಗಿದಾಗಲೆಲ್ಲ ಬಂದು ನನ್ನ ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಏನೂ ಕೇಳುತ್ತಿರಲಿಲ್ಲ.

ಒಂದು ಸಲ ಮಾತ್ರ, "ಯಕ್ಕಾ, ಇದನ್ನ ನಾನ ಕೈಯಾಗ ಹಿಡಕೊಂಡು ಹೋಗಿ ಕೊಟ್ಟು ಬಂದ್ರ?" ಎಂದ. ಕಣಿವೆ ದಾಟಿದರೆ ಖಾಲಿಯಾಗುತ್ತದೆಂದು ಅವನಿಗೆ ನನ್ನಷ್ಟೇ ಗೊತ್ತಿತ್ತು. "ನಿಮಗ ಗೊತ್ತೈತಲ್ಲರೀ ಅಣ್ಣಾ," ಎಂದೆ. "ಗೊತ್ತೈತಿ," ಎಂದ. "ಆದ್ರೂ ಕೇಳಬೇಕು ಅನಸ್ತು."

ಕಳಿಸುವ ದಿನ ಬೆಳಿಗ್ಗೆ ನೀಲವ್ವನ ಹಾಸಿಗೆಯ ಹತ್ತಿರ ಹೋಗಿ ಹೇಳಿದೆ. ಅವಳು ಗೋಡೆಗೆ ಒರಗಿ ಕೂತು ನನ್ನ ಮುಖವನ್ನೇ ನೋಡಿದಳು.

"ಕಳಿಸಿದ ಮ್ಯಾಲ ಇಲ್ಲಿ ಏನೂ ಉಳಿಯೂದಿಲ್ಲ, ಹೌದಲ್ಲವಾ?"

"ಫೈಲು ಉಳಿಯೂದಿಲ್ಲ. ಕೂಸು ನಿನ್ನ ಹತ್ರನ ಇರ್ತೈತಿ ನೀಲಕ್ಕಾ."

"ನನಗ ಅಂವ ಸ್ಕ್ಯಾನಿಂಗಿನಾಗ ಹೊಳ್ಳಿದ್ದು ಒಮ್ಮೆ ತೋರಿಸಿಬಿಡು. ಆಮ್ಯಾಲ ಕಳಸು," ಎಂದಳು. ಹುಟ್ಟುವುದು ಗಂಡೆಂದೇ ಅವಳು ನಂಬಿದ್ದಳು. ಲ್ಯಾಪ್‌ಟಾಪ್ ಅವಳ ತೊಡೆಯ ಮೇಲಿಟ್ಟೆ. ಬೂದು ಬಣ್ಣದ ಮಬ್ಬಿನಲ್ಲಿ ಆ ಪುಟ್ಟ ಹೃದಯ ತೆರೆದುಕೊಳ್ಳುತ್ತ ಮುಚ್ಚಿಕೊಳ್ಳುತ್ತ ಇತ್ತು. ಅವಳು ಬೆರಳನ್ನು ಪರದೆಗೆ ತಾಗಿಸದೆ, ಮುಟ್ಟುವಷ್ಟು ಹತ್ತಿರ ತಂದು, ಕೊನೆಯವರೆಗೂ ನೋಡಿದಳು. "ಹೋಗಿ ಬರಲಿ," ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಗುಂಡಿ ಒತ್ತಿದಾಗ ನನ್ನ ಪಕ್ಕದಲ್ಲಿ ಡಾಕ್ಟರ್ ಸಬೀಹಾ ನಿಂತಿದ್ದರು. ಮೊದಲ ತುಂಡು ಕಿಟಕಿಯಿಂದ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಅದು ಒಂದು ಎಳೆಗರುವಿನಷ್ಟಿತ್ತು. ಅಂಗಳದ ಬೇವಿನ ಮರದ ಕೆಳಗೆ ಹೋಗಿ ನಿಂತಿತು. ಆಗ ನಾವು ನೋಡಿದ್ದನ್ನು ಅಲ್ಲಿಯವರೆಗೆ ನಮ್ಮ ಊರಿನಲ್ಲಿ ಯಾರೂ ನೋಡಿರಲಿಲ್ಲ. ಆ ಬೆಳಕು ಬಡಿಯುತ್ತಿತ್ತು. ಒಮ್ಮೆ ಹಿಗ್ಗಿ, ಒಮ್ಮೆ ಕುಗ್ಗಿ, ಮತ್ತೆ ಹಿಗ್ಗಿ, ನಮ್ಮ ಎದೆ ಬಡಿಯುವುದಕ್ಕಿಂತ ಎಷ್ಟೋ ಬೇಗ ಬೇಗ. ಸಾವಿರಾರು ಬೆಳಕುಗಳು ಹೋಗುವುದನ್ನು ಕಂಡವಳು ನಾನು. ಎಲ್ಲವೂ ಸುಮ್ಮನೆ ಉರಿಯುತ್ತ ಹೋಗುತ್ತಿದ್ದವು. ಒಳಗಿನದು ಹೊರಗೆ ತೋರಿದ್ದು ಅದೇ ಮೊದಲು. ಡಾಕ್ಟರ್ ತಮ್ಮ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದುಕೊಂಡರು. "ಅದರದ್ದ ಬಡಿತ," ಎಂದರು. ಅವರ ದನಿ ತೀರಾ ಸಣ್ಣದಾಗಿತ್ತು. ಅಷ್ಟರಲ್ಲಿ ಎರಡನೆಯ ತುಂಡು ಹೊರಗೆ ಬಂತು. ಅದರ ಹಿಂದೆ ಮೂರನೆಯದು. ಅಂಗಳದಲ್ಲಿ ಸಾಲು ಹಿಡಿದು ನಿಂತು, ಒಂದಾದ ಮೇಲೊಂದು ಗೇಟು ದಾಟಿ ರಸ್ತೆಗಿಳಿದವು. ಅವು ಹಿಗ್ಗಿದಾಗ ಎದುರಿನ ಗೋಡೆಗಳೆಲ್ಲ ಬೆಳಗುತ್ತಿದ್ದವು. ಕುಗ್ಗಿದಾಗ ಹಗಲೇ ಸ್ವಲ್ಪ ಕಂದಿದ ಹಾಗೆ ಕಾಣುತ್ತಿತ್ತು.

ರಸ್ತೆಯಲ್ಲಿ ಜನ ನಿಂತರು. ಸರಿದು ನಿಲ್ಲುವುದು ನಮಗೆ ರೂಢಿ, ಆದರೆ ಅವತ್ತು ನಿಂತವರು ಬೆಳಕು ದಾಟಿದ ಮೇಲೂ ಕದಲಲಿಲ್ಲ. ತರಕಾರಿ ತೂಗುತ್ತಿದ್ದವಳ ತಕ್ಕಡಿ ಎತ್ತಿದ್ದು ಎತ್ತಿದಂತೆಯೇ ಇತ್ತು. ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡವನೊಬ್ಬ ಎದ್ದು ಬಂದು ಮೆಟ್ಟಿಲ ಮೇಲೆ ನಿಂತಿದ್ದ. ಯಾರದೆಂದು ಯಾರೋ ಕೇಳಿದರು, ಯಾರೋ ಹೇಳಿದರು. ನೀಲವ್ವನ ಕೂಸಿನದು ಎಂಬ ಮಾತು ಅಂಗಡಿಯಿಂದ ಅಂಗಡಿಗೆ ಬೆಳಕಿಗಿಂತ ಮುಂದೆ ಓಡಿತು.

ಕೋಣೆಯಲ್ಲಿ ನಾನು ಪರದೆ ನೋಡುತ್ತಿದ್ದೆ. ಎಷ್ಟು ಹೋಗಿದೆ ಎಂದು ತೋರಿಸುವ ಹಸಿರು ಪಟ್ಟಿ ಸ್ವಲ್ಪ ಮುಂದೆ ಹೋಗಿ ನಿಂತುಬಿಟ್ಟಿತು. ನಾನು ಕಾದೆ. ಅದು ಅಲುಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದೆ. ಸಾಲು ನಾಲ್ಕು ರಸ್ತೆ ಕೂಡುವಲ್ಲಿ ನಿಂತಿತ್ತು. ಬೆಳಕುಗಳು ಮನುಷ್ಯರಿಗೆ ದಾರಿ ಬಿಡುವ ಹಾಗೆ ಒಂದಕ್ಕೊಂದು ಬಿಟ್ಟುಕೊಡುತ್ತವೆ. ದೊಡ್ಡದು ಸಣ್ಣದಕ್ಕೆ ಕಾಯುತ್ತದೆ. ಕಚೇರಿಗಳು ತೆರೆದು ಕೆಲಸ ಹತ್ತಿದ ಹೊತ್ತು ಅದು. ಬ್ಯಾಂಕಿನಿಂದ, ತಾಲೂಕು ಕಚೇರಿಯಿಂದ, ಶಾಲೆಯಿಂದ, ಅಂಗಡಿಗಳಿಂದ ಸಾಸಿವೆ ಕಾಳಿನಂಥ ಇಮೇಲುಗಳು ಸುರಿದ ಹಾಗೆ ಬಂದು ಅಡ್ಡ ಹಾಯುತ್ತಿದ್ದವು. ಮೊದಲ ತುಂಡು ಅವುಗಳಿಗೆಲ್ಲ ಕಾಯುತ್ತ ನಿಂತಿತ್ತು. ಅದರ ಅಂಚು ಮಂಕಾಗಲು ಶುರುವಾಗಿತ್ತು. ಬಡಿತ ಮಾತ್ರ ನಿಂತಿರಲಿಲ್ಲ.

ಫಕೀರಪ್ಪನ ಬಸ್ಸು ಅಲ್ಲೇ ರಸ್ತೆಯ ಪಕ್ಕದಲ್ಲಿತ್ತು. ಅವನು ಸ್ಟೀರಿಂಗ್ ಹಿಡಿದು ಕೂತು ಕಣ್ಣು ಪಿಳುಕಿಸದೆ ನೋಡುತ್ತಿದ್ದ. ನಾನು ಕಿಟಕಿಯ ಹತ್ತಿರ ಹೋಗಿ, "ಅಣ್ಣಾ, ಊರಾಗ ಎಲ್ಲಾರೂ ಕಳಸೂದು ನಿಲ್ಲಿಸಬೇಕು. ಇಲ್ಲಾಂದ್ರ ಇದು ಆರ್ತೈತಿ," ಎಂದೆ. ಅವನು ಇಳಿದು ಬಸ್ಸಿನ ಹಿಂದಿನ ಏಣಿ ಹತ್ತಿ ಮೇಲೆ ಹೋಗಿ ನಿಂತ. ಯಾವತ್ತೂ ನಾಲ್ಕು ಜನರ ನಡುವೆ ದನಿ ಎತ್ತದ ಮನುಷ್ಯ. ಬಾಯಿಯ ಸುತ್ತ ಎರಡೂ ಕೈ ಹಿಡಿದು ಕೂಗಿದ.

"ಅದು ನನ್ನ ಕೂಸಿನ ಎದೀರಿ. ಅದು ಕಣಿವಿ ದಾಟೂ ತನಕ ಯಾರೂ ಏನೂ ಕಳಸಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ. ಸ್ವಲ್ಪ ಹೊತ್ತು ಅಷ್ಟ."

ಮೊದಲಿಗೆ ಏನೂ ಬದಲಾಗಲಿಲ್ಲ. ಆಮೇಲೆ ಬ್ಯಾಂಕಿನ ಮ್ಯಾನೇಜರು ಹೊರಗೆ ಬಂದು ಬಸ್ಸಿನ ಮೇಲಿದ್ದವನನ್ನು ನೋಡಿ ಒಳಗೆ ಹೋದರು. ಆ ಕಿಟಕಿಯಿಂದ ಬರುತ್ತಿದ್ದ ಕಾಳುಗಳು ನಿಂತವು. ಶಾಲೆಯಿಂದ ಬರುತ್ತಿದ್ದವೂ ನಿಂತವು. ಹುಡುಗಿಯರು ಓಣಿ ಓಣಿಗೆ ಓಡಿ ಬಾಗಿಲು ಬಡಿದು ಹೇಳಿದರು. ಯಾರೋ ಬರೆದ ಅರ್ಧ ಸಾಲನ್ನು ಅರ್ಧಕ್ಕೇ ಬಿಟ್ಟಿರಬೇಕು, ಯಾರೋ ಮಗಳಿಗೆ ಕಳಿಸಬೇಕೆಂದಿದ್ದ ಫೋಟೊ ಹಾಗೇ ಇಟ್ಟುಕೊಂಡಿರಬೇಕು. ಅಡ್ಡ ಹಾಯುತ್ತಿದ್ದ ಬೆಳಕುಗಳು ಕಡಿಮೆಯಾಗುತ್ತ ಬಂದು, ಕೊನೆಯ ಒಂದು ಕಾಳು ದಾಟಿಹೋಗಿ, ರಸ್ತೆ ಬರಿದಾಯಿತು. ಹುಟ್ಟಿದಾಗಿನಿಂದ ನಾನು ಆ ಬೀದಿಗಳನ್ನು ಖಾಲಿ ನೋಡಿರಲಿಲ್ಲ. ಆ ಖಾಲಿಯೊಳಗೆ ಬಡಿಯುವ ಬೆಳಕುಗಳ ಸಾಲೊಂದೇ ಉಳಿದಿತ್ತು. ಮೊದಲ ತುಂಡು ಒಮ್ಮೆ ಚೆನ್ನಾಗಿ ಹಿಗ್ಗಿ ಮುಂದೆ ಹೊರಟಿತು.

ಕೊನೆಯ ತುಂಡು ಆಸ್ಪತ್ರೆಯ ಗೇಟು ದಾಟುವಾಗ ಅದರ ಹಿಂದೆ ನೀಲವ್ವ ಇದ್ದಳು. ನರ್ಸುಗಳು ಬೇಡವೆಂದರೂ ಎದ್ದು ಬಂದಿದ್ದಳು. ಡಾಕ್ಟರ್ ಸಬೀಹಾ ಅವಳನ್ನು ತಡೆಯಲಿಲ್ಲ, ತೋಳು ಹಿಡಿದು ತಾವೂ ನಡೆದರು. ಮಧ್ಯಾಹ್ನದ ಬಿಸಿಲಿಗೆ ಯಾರೋ ಕೊಡೆ ಹಿಡಿದರು, ಯಾರೋ ನೀರು ಕೊಟ್ಟರು. ನೀಲವ್ವ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಎದುರಿನ ಬೆಳಕನ್ನೇ ನೋಡುತ್ತ ನಡೆಯುತ್ತಿದ್ದಳು. "ಒಳಗಿಂದು ಇನ್ನೂ ಸ್ವಲ್ಪ ಜೋರೈತ್ರಿ," ಎಂದು ಡಾಕ್ಟರಿಗೆ ಹೇಳಿದಳು. ಖಾನಾವಳಿಯ ಮುಂದೆ ಬಂದಾಗ ಅವಳ ಕಾಲು ಸೋತವು. ಅಲ್ಲೇ ಕಟ್ಟೆಯ ಮೇಲೆ ಕೂರಿಸಿದರು. ಅಲ್ಲಿಂದ ಕಣಿವೆಯವರೆಗೂ ಕಾಣುತ್ತದೆ. ಬಿಳಿ ಬಂಡೆಗಳ ನಡುವೆ ಒಂದೊಂದೇ ತುಂಡು ಹೊಕ್ಕು, ಬಂಡೆಗಳ ಮುಖ ಒಮ್ಮೆ ಬೆಳಗಿ ಒಮ್ಮೆ ಕಂದಿ, ಕೊನೆಯದೂ ಕಾಣದಾಯಿತು. ನೀಲವ್ವ ಜನರ ಕಡೆ ತಿರುಗಿ, "ಎಲ್ಲಾರದೂ ಊಟ ಆಗೇತಿಲ್ಲೋ?" ಎಂದು ಕೇಳಿದಳು.

ಸಂಜೆಗೆ ಅಪ್ಲಿಕೇಶನ್ ಕಳಿಸಿದ ಉತ್ತರ ಬಂತು, ಎಲ್ಲಾ ತುಂಡುಗಳೂ ಸೇರಿ ಫೈಲ್ ಒಂದಾಗಿದೆ ಎಂದು. ಅದು ಯಂತ್ರದ ಮಾತು. ನಮಗೆ ಬೇಕಾದದ್ದು ಡಾಕ್ಟರ್ ಐರಿನ್ ಅವರ ಮಾತು. ಅದು ಆವತ್ತು ಬರಲಿಲ್ಲ. ಮರುದಿನ ಬೆಳಗಾಗುತ್ತಲೇ ಜನ ಕಣಿವೆಯ ಕಡೆ ನಡೆದರು. ಉತ್ತರ ಬರುವುದನ್ನು ಮೊದಲು ಕಾಣಬೇಕೆಂದು ಎಲ್ಲರಿಗೂ ಆಸೆ. ಅಂಗಡಿ ಮುಚ್ಚಿ ಬಂದವರು, ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದವರು, ಕೋಲೂರಿಕೊಂಡು ಬಂದ ಮುದುಕರು, ಎಲ್ಲರೂ ಆ ಇಕ್ಕಟ್ಟು ದಾರಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಫಕೀರಪ್ಪ ಎಲ್ಲರಿಗಿಂತ ಮುಂದಿದ್ದ. ಊರಿನಿಂದ ಯಾರೂ ಏನೂ ಕಳಿಸಿರಲಿಲ್ಲ. ಕಳಿಸಬಾರದೆಂದು ಯಾರೂ ಹೇಳಿರಲೂ ಇಲ್ಲ.

ಬಿಸಿಲೇರಿತು. ನಾನು ಆಸ್ಪತ್ರೆಯಲ್ಲೇ ಇದ್ದೆ, ನೀಲವ್ವನ ಹಾಸಿಗೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ಅಪ್ಲಿಕೇಶನ್ನಿನಲ್ಲಿ ಬರುವ ಇಮೇಲುಗಳ ಜಾಡು ತೋರಿಸುವ ಒಂದು ಪುಟವಿದೆ. ಅದನ್ನು ತೆರೆದಾಗ ಅಲ್ಲಿ ಒಂದು ಸಾಲು ಇತ್ತು. ಕಡಲ ದಂಡೆಯ ಊರಿನಿಂದ ಹೊರಟು ನಮ್ಮ ಊರಿನ ಗಡಿ ಮುಟ್ಟಿದೆ, ಇನ್ನೂ ತಲುಪಿಲ್ಲ. ಬೆಳಿಗ್ಗೆಯಿಂದ ಅದು ಹಾಗೇ ಇತ್ತು.

ನಾನು ಅದನ್ನು ಗಟ್ಟಿಯಾಗಿ ಓದಿದೆ. ನೀಲವ್ವ ಕಿಟಕಿಯಾಚೆ ಕಣಿವೆಯ ಕಡೆ ನೋಡಿದಳು. ದೂರದಲ್ಲಿ ಜನರ ತಲೆಗಳು ಬಂಡೆಯಿಂದ ಬಂಡೆಯವರೆಗೂ ಕಪ್ಪಗೆ ತುಂಬಿಕೊಂಡಿದ್ದವು.

"ಬರಾಕ ಜಾಗಾ ಎಲ್ಲೈತವಾ ಅದಕ್ಕ," ಎಂದಳು. "ನನ್ನ ಮಂದೀನ ಅಡ್ಡ ನಿಂತಾರ. ಹೋಗು, ಎಲ್ಲಾರಿಗೂ ಕೂಡ್ರಾಕ ಹೇಳು."

ಆಸ್ಪತ್ರೆಯ ಸ್ಕೂಟರ್ ಹತ್ತಿ ಹೋದೆ. ಗುಂಪಿನ ಹಿಂಬದಿಯಲ್ಲಿ ನಿಂತವರಿಗೆ ಹೇಳಿದೆ, ಅವರು ಮುಂದಿನವರಿಗೆ ಹೇಳಿದರು. ಆ ಇಕ್ಕಟ್ಟಿನಲ್ಲಿ ಸರಿಯಲು ಯಾರಿಗೂ ಜಾಗವಿರಲಿಲ್ಲ. ಹಾಗಾಗಿ ಕೂತರು. ಹಿಂದಿನ ಸಾಲಿನಿಂದ ಮುಂದಿನ ಸಾಲಿನವರೆಗೆ, ಜೋಳದ ಹೊಲದ ಮೇಲೆ ಗಾಳಿ ಹಾಯ್ದ ಹಾಗೆ, ಜನ ಕೆಳಗಾಗುತ್ತ ಹೋದರು. ಮುದುಕರನ್ನು ಪಕ್ಕದವರು ಹಿಡಿದು ಕೂರಿಸಿದರು. ಕೊನೆಗೆ ಫಕೀರಪ್ಪನೂ ಕೂತ. ಅವನು ಕೂತಾಗ, ಅಷ್ಟು ಹೊತ್ತು ಅವನ ಎದೆಯ ಮುಂದೆ ಒಂದು ಗೇಣಿನ ಅಂತರದಲ್ಲಿ ಇದ್ದದ್ದು ಎಲ್ಲರಿಗೂ ಕಂಡಿತು. ಬರೀ ಅಕ್ಷರಗಳ ಇಮೇಲ್, ಸಾಸಿವೆ ಕಾಳಿಗಿಂತ ಸಣ್ಣದು. ಕಾದು ಕಾದು ಎಷ್ಟು ಮಂಕಾಗಿತ್ತೆಂದರೆ ಬಿಸಿಲಿನಲ್ಲಿ ಅದನ್ನು ಧೂಳಿನ ಕಣವೆಂದುಕೊಳ್ಳಬಹುದಿತ್ತು. ಫಕೀರಪ್ಪ ಬೆಳಿಗ್ಗೆಯಿಂದ ಅದರಾಚೆಗೆ, ದೂರಕ್ಕೆ ನೋಡುತ್ತಿದ್ದ.

ಅದು ತಕ್ಷಣ ಹೊರಡಲಿಲ್ಲ. ಆಮೇಲೆ ಒಮ್ಮೆ ಮಿನುಗಿ, ಕೂತವರ ತಲೆಗಳ ಮೇಲೆ ನಿಧಾನವಾಗಿ ಬರಲು ಹತ್ತಿತು. ಅದು ಹಾಯ್ದ ಕಡೆ ಹೆಂಗಸರು ಸೆರಗು ಬಿಗಿ ಮಾಡಿಕೊಂಡರು, ಗಂಡಸರು ಟೋಪಿ ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಇಡೀ ಊರು ನೆಲದ ಮೇಲೆ ಕೂತು ಮುಖ ಮೇಲೆತ್ತಿ ಒಂದು ಚುಕ್ಕಿಯನ್ನು ನೋಡುತ್ತಿತ್ತು. ಅದರೊಳಗೆ ಇದ್ದದ್ದು ಒಳ್ಳೆಯ ಮಾತೋ ಕೆಟ್ಟ ಮಾತೋ ಯಾರಿಗೂ ಗೊತ್ತಿರಲಿಲ್ಲ. ನನ್ನ ತಲೆಯ ಮೇಲೆ ಬಂದಾಗ ಕಣ್ಣು ಮುಚ್ಚಬೇಕೆನ್ನಿಸಿತು, ಮುಚ್ಚಲಿಲ್ಲ. ಗುಂಪು ದಾಟಿದ್ದೇ ಅದು ವೇಗ ಹಿಡಿದು ಆಸ್ಪತ್ರೆಯತ್ತ ಓಡಿತು. ನಾನು ಸ್ಕೂಟರಿನಲ್ಲಿ ಅದರ ಹಿಂದೆ.

ನಾನು ಮುಟ್ಟುವಷ್ಟರಲ್ಲಿ ಡಾಕ್ಟರ್ ಸಬೀಹಾ ಅದನ್ನು ತೆರೆದು ನೀಲವ್ವನಿಗೆ ಓದಿ ಹೇಳುತ್ತಿದ್ದರು. ಡಾಕ್ಟರ್ ಐರಿನ್ ಬರೆದದ್ದು ನಾಲ್ಕೇ ಮಾತು: ಪೂರ್ತಿ ನೋಡಿದೆ. ಎಡಗಡೆಯ ಕೋಣೆ ಬೆಳೆದಿದೆ, ಬಾಗಿಲು ತೆರೆಯಬಹುದು. ತಾಯಿಯನ್ನು ಕದಲಿಸಬೇಡಿ. ನಾನೇ ಬರುತ್ತಿದ್ದೇನೆ. ನೀಲವ್ವ ಅದನ್ನು ಮತ್ತೊಮ್ಮೆ ಓದಿಸಿದಳು. ಆಮೇಲೆ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡು ಅತ್ತಳು. ಡಾಕ್ಟರ್ ಹೊದಿಕೆಯ ಮೇಲಿಂದಲೇ ಅವಳ ತಲೆ ಸವರುತ್ತ ಕೂತರು.

ಡಾಕ್ಟರ್ ಐರಿನ್ ತಮ್ಮ ಸಲಕರಣೆಗಳ ಪೆಟ್ಟಿಗೆಗಳೊಂದಿಗೆ ಕಾರಿನಲ್ಲಿ ಬಂದರು. ನರೆತ ಕೂದಲನ್ನು ಗಿಡ್ಡ ಕತ್ತರಿಸಿಕೊಂಡ, ಸಣಕಲು ದೇಹದ ಹೆಂಗಸು. ಫಕೀರಪ್ಪ ಕಣಿವೆಯ ಹತ್ತಿರವೇ ಅವರಿಗಾಗಿ ಕಾದಿದ್ದ. ಕಾರಿನ ಎದುರಿಗೆ ನಿಂಬೆಹಣ್ಣಿನಷ್ಟು ಬೆಳಕೊಂದು ಬಂದು ನಿಂತಾಗ ಅವರು, "ಇದು ಎಂತದು?" ಎಂದು ಕೇಳಿದರಂತೆ. "ಯಾರದೋ ಫೋಟೊ ಇರಬೇಕ್ರಿ. ಹೋಗಲಿ, ಸ್ವಲ್ಪ ತಡೀರಿ," ಎಂದನಂತೆ ಇವನು. ಅವರು ಮತ್ತೇನೂ ಕೇಳದೆ ಕಾರಿನಿಂದಿಳಿದು, ಅಲ್ಲಿಂದ ಆಸ್ಪತ್ರೆಯವರೆಗೂ ನಡೆದೇ ಬಂದರು. ಎದುರಾದ ಒಂದೊಂದು ಬೆಳಕಿನ ಮುಂದೆಯೂ ನಿಂತು, ತಿರುಗಿ ನೋಡಿ, ಮತ್ತೆ ನಡೆಯುತ್ತಿದ್ದರು. ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮೇಲೆ ಮಾತ್ರ ಅವರ ಮುಖ ಬದಲಾಯಿತು. ಕೈ ತೊಳೆದುಕೊಳ್ಳುತ್ತಲೇ ನೀಲವ್ವನ ಕಾಗದಗಳನ್ನೆಲ್ಲ ಓದಿಸಿಕೊಂಡರು.

ಮಗು ಹುಟ್ಟಿದ್ದು ಬೆಳಗಿನ ಹೊತ್ತು. ಹೆಣ್ಣು. ಬಣ್ಣ ನೇರಳೆಗೆ ತಿರುಗಿತ್ತಂತೆ. ಅತ್ತದ್ದೂ ಬಹಳ ಮೆಲ್ಲಗೆ. ಅವಳ ತೊಡೆಯ ರಕ್ತನಾಳದಿಂದ ಕೂದಲಿನಂಥ ತಂತಿಯೊಂದನ್ನು ಹೃದಯದವರೆಗೂ ಏರಿಸಿ, ಅದರ ತುದಿಯ ಪುಟ್ಟ ಬಲೂನು ಉಬ್ಬಿಸಿ, ಅಂಟಿಕೊಂಡ ಬಾಗಿಲನ್ನು ಡಾಕ್ಟರ್ ಐರಿನ್ ಬಿಡಿಸಿದರು. ಅದೆಲ್ಲ ನನಗೆ ಆಮೇಲೆ ಹೇಳಿದ್ದು. ಆಗ ನಾನು, ಫಕೀರಪ್ಪ, ಇನ್ನೂ ಬಹಳ ಜನ ಹೊರಗಿನ ಪಡಸಾಲೆಯಲ್ಲಿದ್ದೆವು. ಬಿಸಿಲು ಪಡಸಾಲೆಯ ಒಂದು ಕಂಬದಿಂದ ಮುಂದಿನ ಕಂಬಕ್ಕೆ ಸರಿಯಿತು. ಬಾಗಿಲು ತೆರೆದು ಡಾಕ್ಟರ್ ಸಬೀಹಾ ಹೊರಗೆ ಬಂದರು. ಕುರ್ಚಿಯಿದ್ದರೂ ನೆಲದ ಮೇಲೆ ಗೋಡೆಗೊರಗಿ ಕೂತರು. "ಕೆಂಪಗಾದಳು," ಎಂದರು. "ಕಣ್ಣ ಮುಂದನ ಕೆಂಪಗಾದಳು." ಆಗಲೇ ಒಳಗಿನಿಂದ ಅಳುವ ಸದ್ದು ಬಂತು. ನೀಲವ್ವ ತಾಟು ಬಿಟ್ಟವರಿಗೆ ಬಯ್ಯುವ ದನಿಯಷ್ಟೇ ಗಟ್ಟಿ ಇತ್ತದು. ಫಕೀರಪ್ಪ ಅಲ್ಲಿದ್ದ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಆಮೇಲೆ ಬಸ್ಸಿನ ಕಡೆಗೆ ಹೋಗಿ ಅದರ ಕಿಟಕಿಗಳನ್ನೆಲ್ಲ ಒರೆಸಿದ.

ಮಗುವಿನ ಉಸಿರು ನೆಲೆಯಾಗುವವರೆಗೆ ಡಾಕ್ಟರ್ ಐರಿನ್ ನಮ್ಮಲ್ಲೇ ಉಳಿದರು. ಎರಡೂ ಹೊತ್ತು ಖಾನಾವಳಿಯಿಂದ ಅವರಿಗೆ ಬುತ್ತಿ ಬರುತ್ತಿತ್ತು. ಬಿಡುವಾದಾಗ ನನ್ನ ಕೋಣೆಯ ಕಿಟಕಿಯಲ್ಲಿ ಬಂದು ನಿಲ್ಲುತ್ತಿದ್ದರು. "ನಮ್ಮಲ್ಲಿ ಒತ್ತಿದರೆ ಹೋಯಿತು, ಅಷ್ಟೇ. ದಿನಕ್ಕೆ ಎಷ್ಟು ಕಳಿಸ್ತೇನೆ ಅಂತ ಲೆಕ್ಕವೇ ಇಲ್ಲ," ಎಂದು ಒಮ್ಮೆ ಹೇಳಿದರು. "ನಿಮ್ಮ ಮಗುವಿನ ಫೈಲು ಬಂದ ದಿವಸ ನಾನು ಚಹಾ ಕುಡಿಯುತ್ತ ಇದ್ದೆ. ಎಲ್ಲಾ ಸೇರಿತು ಅಂತ ಒಂದು ಸಾಲು ಬಂತು. ಇಲ್ಲಿ ಇಷ್ಟೆಲ್ಲ ಆಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಹೊರಡುವ ದಿನ ಸಂಜೆ ಅವರು ನನ್ನ ಕೋಣೆಗೆ ಬಂದು ಒಂದು ಇಮೇಲ್ ಕಳಿಸಬೇಕು ಎಂದರು. ಕುರ್ಚಿ ಬಿಟ್ಟುಕೊಟ್ಟೆ. ಯಾರಿಗೆ ಬರೆದರೋ, ಏನು ಬರೆದರೋ ನಾನು ನೋಡಲಿಲ್ಲ. ಬಹಳ ಹೊತ್ತು ಬರೆದರು. ನೀಲವ್ವನನ್ನು ಕೇಳಿ ತೆಗೆದುಕೊಂಡಿದ್ದ ಒಂದು ಫೋಟೊ, ಮಗು ಮುಷ್ಟಿ ಕಟ್ಟಿಕೊಂಡು ಮಲಗಿದ್ದು, ಅದನ್ನು ಲಗತ್ತಿಸುವುದು ಹೇಗೆಂದು ಮಾತ್ರ ಕೇಳಿದರು. ತೋರಿಸಿದೆ. ಗುಂಡಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತು, ಒತ್ತಿ, ತಟ್ಟನೆ ಎದ್ದು ಕಿಟಕಿಗೆ ಹೋದರು. ಬೆಳಕು ಅವರ ತೋಳಿನ ಪಕ್ಕದಿಂದಲೇ ಹೊರಗೆ ತೇಲಿತು.

ಅವರು ಅದರ ಹಿಂದೆ ನಡೆದರು. ಪೆಟ್ಟಿಗೆಗಳಿದ್ದ ಕಾರು ದೂರದಿಂದ ನಿಧಾನವಾಗಿ ಅವರ ಹಿಂದೆ ಬಂತು, ಅದರ ಹಿಂದೆ ನಾವು ಕೆಲವರು. ಬೀದಿಯಲ್ಲಿ ಸಂಜೆಯ ಇಮೇಲುಗಳು ತುಂಬಿದ್ದವು. ಅಷ್ಟರ ನಡುವೆಯೂ ಅವರು ತಮ್ಮದನ್ನು ಕಣ್ಣಿನಿಂದ ತಪ್ಪಿಸಿಕೊಳ್ಳಲಿಲ್ಲ. ಅದು ಕಾದಲ್ಲಿ ಕಾದರು, ಹೊರಟಾಗ ಹೊರಟರು. ಸಂತೆಬೀದಿ ದಾಟಿತು, ಕೊನೆಯ ಮನೆಗಳು ದಾಟಿದವು, ಬಂಡೆಗಳು ಬಂದವು. ಬಂಡೆಗಳ ನಡುವೆ ಅದು ಕಾಣದಾದಾಗ ಅವರು ಅಲ್ಲೇ ನಿಂತರು. ಕೈಯನ್ನು ಹಣೆಗೆ ಅಡ್ಡ ಹಿಡಿದು ಆಚೆ ನೋಡಿದರು. ಕಾರು ಬಂದು ಪಕ್ಕದಲ್ಲಿ ನಿಂತು ಬಾಗಿಲು ತೆರೆಯಿತು. ಅವರು ಹತ್ತಲು ತಿರುಗಲಿಲ್ಲ. ಹಿಂದಿನಿಂದ ಯಾರದೋ ಒಂದು ಬೆಳಕು ಬಂದು ಅವರ ಬೆನ್ನಿನ ಹತ್ತಿರ ನಿಂತಿತ್ತು. ನಾವು ಯಾರೂ ಹೇಳಲಿಲ್ಲ. ಅವರು ತಾವಾಗಿಯೇ ಒಂದು ಹೆಜ್ಜೆ ಬದಿಗೆ ಸರಿದು, ಸೀರೆಯ ಸೆರಗನ್ನು ಒಳಕ್ಕೆಳೆದುಕೊಂಡು, ಅದಕ್ಕೆ ದಾರಿ ಬಿಟ್ಟರು.